ನಂದಿಯವರೆಗೆ ಸಾಕು

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಲೆಕ್ಕ ವೈದ್ಯರ ಚೀಟಿಯಿಂದ ಬಂದದ್ದಲ್ಲ. 1965ರ ಸುಮಾರಿಗೆ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರವನ್ನು ಮಾರಲು ಬಳಸಿದ ಸಂಖ್ಯೆ ಅದು. ಇದು ತಿಳಿದ ಮೇಲೆ, ಸಂಜೆ ಮೊಬೈಲ್ ಎಷ್ಟೇ ಮೂದಲಿಸಿದರೂ ನನಗೆ ಬೇಸರವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಕೆಲಸ. ಐದು ದಿನ ಅರ್ಧರ್ಧ ಗಂಟೆ ಬಿರುಸಾಗಿ ನಡೆದರೆ ಮೊದಲ ಬಾಕಿ ತೀರಿತು.

ಹಾಗಾಗಿ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತುವ ಹಟ ಬಿಟ್ಟಿದ್ದೇನೆ. ಭಾನುವಾರ ನಂದಿಯವರೆಗೆ ಮಾತ್ರ. ಉಳಿದ ದಿನ ಕುಕ್ಕರಹಳ್ಳಿ ಕೆರೆಯ ಏರಿ. ಮೆಟ್ಟಿಲು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಬರುವ ಹೆಂಗಸರು, ಕಂಬಿ ಹಿಡಿದು ಏದುಸಿರು ಬಿಡುವ ನನ್ನನ್ನು ದಾಟಿ ಹೋಗುತ್ತಾರೆ. ಲೆಕ್ಕ ಹಾಕಿದರೆ ಅದೂ ನೂರಾರು ಸಲ ಬಗ್ಗಿ ಎದ್ದ ವ್ಯಾಯಾಮವೇ! ಜನವರಿಯಲ್ಲಿ ಹೊಸ ಬೂಟುಗಳ ಜಾತ್ರೆಯೇ ನೆರೆಯುತ್ತದೆ. ಯುಗಾದಿಯ ಹೊತ್ತಿಗೆ ಉಳಿಯುವವರು ಈ ಹರಕೆಯವರೇ.

ಮಳೆ ಬಂದ ದಿನ ಮನೆಯಲ್ಲೇ ಬಸ್ಕಿ ಹೊಡೆಯುತ್ತೇನೆ. ಶಾಲೆಯಲ್ಲಿ ಬಾಕಿ ಉಳಿದಿದ್ದ ಶಿಕ್ಷೆ ಈಗ ತೀರುತ್ತಿದೆ ಎನ್ನುತ್ತಾರೆ ಅಮ್ಮ.