ಬಂದಿದೆಯಂತಲ್ಲ!

"ಇನ್ಸುಲಿನ್ ಮಾಡೋ ಕೋಶ ಉಳಿಸೋಕೆ ಔಷಧಿ ಬಂದಿದೆಯಂತಲ್ಲ, ನೀನ್ಯಾಕೆ ಇನ್ನೂ ಚುಚ್ಕೋತೀಯ?" ನನಗೆ ಟೈಪ್ 1 ಡಯಾಬಿಟಿಸ್ ಅಂತ ಗೊತ್ತಿದ್ದವರು ಕೇಳೋದು ಇದನ್ನೇ.

ಬಂದಿದೆ. ನನಗಲ್ಲ. ಇಷ್ಟು ಸಾಕೆನ್ನುವವರು ಇಲ್ಲಿಗೇ ಓದು ನಿಲ್ಲಿಸಬಹುದು.

ಸಿಟ್ಟು ಬರುವುದು ಆ "ಅಂತಲ್ಲ" ಕೇಳಿದಾಗ. 18 ವರ್ಷದಿಂದ ದಿನಕ್ಕೆ ನಾಲ್ಕು ಸಲ ಸುಮ್ನೆ ಚಟಕ್ಕೆ ಸೂಜಿ ಹಾಕಿಕೊಳ್ಳುತ್ತಿದ್ದೇನೆ ಅನ್ನೋ ಧಾಟಿ ಅದು.

ಹೋದ ವರ್ಷ ತೀರ್ಥಹಳ್ಳಿಯಲ್ಲಿ ಒಂದು ಮದುವೆ. ಪಂಕ್ತಿಯಲ್ಲಿ ಕೂತು, ಎರಡು ಹೋಳಿಗೆ ಲೆಕ್ಕ ಹಿಡಿದು, ಇನ್ಸುಲಿನ್ ಪೆನ್ ತಿರುಗಿಸಿ ಹೊಟ್ಟೆಗೆ ಚುಚ್ಚಿಕೊಂಡೆ. ಪಕ್ಕದಲ್ಲಿದ್ದ ಮಾವ ಮೊಬೈಲ್ ಹಿಡಿದರು. "ವೆರಪಾಮಿಲ್ ಅಂತೆ. ಬರೀ ಬಿಪಿ ಮಾತ್ರೆ ಮಾರಾಯ! ನಿಮ್ಮತ್ತೆ ಬ್ಯಾಗಲ್ಲೇ ಇದೆ, ಒಂದು ನುಂಗು."

ಮಾವ ಓದಿದ್ದು ಸುಳ್ಳಲ್ಲ. 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 88 ಮಕ್ಕಳಿದ್ದರು. ಕಾಯಿಲೆ ಗೊತ್ತಾಗಿ ಒಂದು ತಿಂಗಳೊಳಗೆ ಶುರು ಮಾಡಿದ್ದು. ವರ್ಷ ತುಂಬಿದಾಗ ವೆರಪಾಮಿಲ್ ತಗೊಂಡವರಲ್ಲಿ ಸಿ-ಪೆಪ್ಟೈಡ್ ಶೇ 30ರಷ್ಟು ಜಾಸ್ತಿ ಇತ್ತು. ದೇಹ ತಾನೇ ಇನ್ಸುಲಿನ್ ಮಾಡುತ್ತಿದೆ ಅನ್ನೋದಕ್ಕೆ ಅದೇ ಗುರುತು. ಹಾಗಂತ ಅವರಿಗೆ ಇನ್ಸುಲಿನ್ ತಪ್ಪಲಿಲ್ಲ.

ಮಾವನದು ಅಡಿಕೆ ತೋಟ. "ಕೊಳೆರೋಗ ಬಂದು ಕಾಯಿ ಉದುರಿದ ಮೇಲೆ ಬೋರ್ಡೊ ಔಷಧಿ ಹೊಡೆದರೆ, ಉದುರಿದ್ದು ಎದ್ದು ಗೊನೆಗೆ ಅಂಟ್ಕೊಳ್ಳುತ್ತಾ?" ಅಂದೆ. "ಅದ್ಹೆಂಗಾಗುತ್ತೆ?" ಎಂದರು. ನನ್ನದು ಉದುರಿ ಮುಗಿದ ತೋಟ. ರಿಪೋರ್ಟಿನಲ್ಲಿ ನನ್ನ ಸಿ-ಪೆಪ್ಟೈಡ್ ಹೆಚ್ಚುಕಮ್ಮಿ ಸೊನ್ನೆ.

ಮಳೆಗೆ ಮುಂಚೆ ಹೊಡೆಯುವಂಥದ್ದೂ ಒಂದಿದೆ, ಟೆಪ್ಲಿಜುಮ್ಯಾಬ್. ಅಮೆರಿಕದಲ್ಲಿ 2022ರಲ್ಲಿ ಒಪ್ಪಿಗೆ ಸಿಕ್ಕಿತು. ಇನ್ಸುಲಿನ್ ಮಾಡೋ ಬೀಟಾ ಕೋಶಗಳ ಮೇಲೆ ಬೀಳುವ, ರೋಗದ ವಿರುದ್ಧ ಹೋರಾಡಬೇಕಾದ ನಮ್ಮದೇ ಟಿ-ಕೋಶಗಳ ಅಬ್ಬರವನ್ನು ತಗ್ಗಿಸುತ್ತದೆ. 14 ದಿನ ಡ್ರಿಪ್. ಪ್ರಯೋಗದಲ್ಲಿ ಕಾಯಿಲೆ ಸುಮಾರು ಎರಡು ವರ್ಷ ಮುಂದಕ್ಕೆ ಹೋಯಿತು. ಆದರೆ ರಕ್ತದಲ್ಲಿ ಆ ದಾಳಿಯ ಗುರುತಾದ ಆಂಟಿಬಾಡಿ ಎರಡು ಬಗೆಯದಾದರೂ ಕಂಡು, ಸಕ್ಕರೆ ಏರುಪೇರಾಗತೊಡಗಿ, ಇನ್ನೂ ಇನ್ಸುಲಿನ್ ಬೇಕಾಗದಿರುವಾಗಲೇ ಕೊಡಬೇಕು.

ಅಂದಮೇಲೆ ಕೇಳಬೇಕಾದ್ದು ನನ್ನ ವಿಷಯ ಅಲ್ಲ, ಅಲ್ವಾ? ಅಪ್ಪನಿಗೆ ಟೈಪ್ 1 ಇದ್ದರೆ ಮಕ್ಕಳಿಗೆ ಅಪಾಯ ಜಾಸ್ತಿ. "ಮಗಳಿಗೆ ಆಂಟಿಬಾಡಿ ಟೆಸ್ಟ್ ಮಾಡಿಸಿದ್ಯಾ?" ಅಂತ ಒಬ್ಬರೂ ಕೇಳಿಲ್ಲ. ಮಾಡಿಸಿಲ್ಲ. ಅವಳಿಗೀಗ ಏಳು. ಲ್ಯಾಬಿನ ಬಾಗಿಲವರೆಗೆ ಹೋಗಿ, ಐಸ್‌ಕ್ರೀಮ್ ಕೊಡಿಸಿ ವಾಪಸ್ ಕರಕೊಂಡು ಬಂದಿದ್ದೇನೆ.

ಮದುವೆಯಲ್ಲಿ ಅಷ್ಟು ಹೊತ್ತಿಗೆ ಹೋಳಿಗೆ ಬಂತು. "ಅವನಿಗೆ ಬೇಡ, ಶುಗರ್" ಅಂತ ಮಾವ ನನ್ನ ಎಲೆಗೆ ಕೈ ಅಡ್ಡ ಹಿಡಿದರು. ಆ ಎರಡು ಹೋಳಿಗೆಯ ಇನ್ಸುಲಿನ್ ಆಗಲೇ ಹೊಟ್ಟೆಯೊಳಗೆ ಹೋಗಿತ್ತು. ಬಡಿಸುವವನನ್ನು ಪಂಕ್ತಿಯ ಆ ತುದಿಯಿಂದ ಕೂಗಿ ಕರೆಯಬೇಕಾಯಿತು.