ಹಡಗಿನವರ ಕೈಗೆ ಬಂದೂಕು ಯಾಕೆ ಕೊಡೋದಿಲ್ಲ?

ನಾನು ಹಡಗಿನಲ್ಲಿ ಕೆಲಸ ಮಾಡಿದವನು ಅಂತ ಗೊತ್ತಾದ ತಕ್ಷಣ ಜನ ಎರಡು ಪ್ರಶ್ನೆ ಕೇಳುತ್ತಾರೆ. ಮೊದಲನೆಯದು ಸಂಬಳದ್ದು. ಎರಡನೆಯದು ಕಡಲ್ಗಳ್ಳರದ್ದು. "ಅಲ್ಲ ಸಾರ್, ಅಷ್ಟು ದೊಡ್ಡ ಹಡಗು. ನಾಲ್ಕು ಜನ ಹುಡುಗರು ಚಿಕ್ಕ ದೋಣಿಯಲ್ಲಿ ಬಂದು ಹಿಡ್ಕೊಂಡು ಹೋಗ್ತಾರೆ ಅಂದ್ರೆ ಏನರ್ಥ? ನಿಮಗೆಲ್ಲ ಒಂದೊಂದು ಗನ್ ಕೊಟ್ಟಿದ್ರೆ ಮುಗೀತಿತ್ತಲ್ವಾ?"

ಸಂಬಳದ ಪ್ರಶ್ನೆಗೆ ನಕ್ಕು ಸುಮ್ಮನಾಗುತ್ತೇನೆ. ಗನ್ನಿನ ಪ್ರಶ್ನೆಗೆ ಇಷ್ಟು ದಿನ ಏನೋ ಒಂದು ಹೇಳಿ ಜಾರಿಕೊಳ್ಳುತ್ತಿದ್ದೆ. ಈಗ ಕೂತು ಬರೆದುಬಿಡೋಣ ಅನ್ನಿಸಿತು.

ನನ್ನ ಉತ್ತರ ಇಷ್ಟೇ. ಕೆಲವು ಕಡಲುಗಳಲ್ಲಿ ಹಡಗಿನ ಮೇಲೆ ಬಂದೂಕು ಇರಲಿ, ಇರಲೇಬೇಕು. ಆದರೆ ಹಡಗು ನಡೆಸುವವರ ಕೈಯಲ್ಲಿ ಬೇಡ.

ಮೊದಲು ಕಳ್ಳರು ಬರುವ ರೀತಿ ಹೇಳುತ್ತೇನೆ. ಸೊಮಾಲಿಯಾ ಕಡೆಯವರು ಬಳಸುವುದು ಸ್ಕಿಫ್ ಅನ್ನುವ ಚಿಕ್ಕ ತೆರೆದ ದೋಣಿ. ಹಿಂದುಗಡೆ ಒಂದೋ ಎರಡೋ ಔಟ್‌ಬೋರ್ಡ್ ಮೋಟಾರು. ತೀರದಿಂದ ನೂರಾರು ಮೈಲಿ ದೂರಕ್ಕೆ ಅದೊಂದೇ ಹೋಗಲಾರದು. ಅದಕ್ಕೆ ಮೊದಲು ಮೀನುಗಾರರದ್ದೊಂದು ಧೋ ಹಡಗನ್ನು ಹಿಡಿದು, ಅದನ್ನೇ ತಾಯಿಹಡಗು ಮಾಡಿಕೊಂಡು, ಸ್ಕಿಫ್‌ಗಳನ್ನು ಹಿಂದೆ ಕಟ್ಟಿ ಎಳೆದುಕೊಂಡು ಬರುತ್ತಾರೆ. ಒಂದೊಂದು ಸ್ಕಿಫ್‌ನಲ್ಲಿ ನಾಲ್ಕೈದು ಜನ, ಎಕೆ-47, ಕೆಲವು ಸಲ ರಾಕೆಟ್ ಲಾಂಚರ್, ಜೊತೆಗೆ ತುದಿಗೆ ಕೊಕ್ಕೆ ಇರುವ ಉದ್ದನೆಯ ಏಣಿ. ಓಡುತ್ತಿರುವ ಹಡಗಿನ ಪಕ್ಕಕ್ಕೆ ಬಂದು, ಏಣಿ ಸಿಕ್ಕಿಸಿ, ಹತ್ತುವುದು. ಒಬ್ಬ ಬ್ರಿಡ್ಜ್‌ಗೆ, ಅಂದರೆ ಹಡಗು ನಡೆಸುವ ಕೋಣೆಗೆ, ಬಂದು ಕ್ಯಾಪ್ಟನ್ ತಲೆಗೆ ಬಂದೂಕು ಹಿಡಿದರೆ ಆಟ ಮುಗಿಯಿತು. ಕಣ್ಣಿಗೆ ಬಿದ್ದ ಹೊತ್ತಿನಿಂದ ಅಲ್ಲಿವರೆಗೆ ಹದಿನೈದು ಇಪ್ಪತ್ತು ನಿಮಿಷ ಸಿಕ್ಕರೆ ಪುಣ್ಯ.

ಅಂದರೆ ಎಲ್ಲವೂ ಆ ಏಣಿಯ ಮೇಲೆ ನಿಂತಿದೆ. ಏಣಿ ಸಿಕ್ಕಿಸಲು ಬಿಡದಿದ್ದರೆ ಅವರ ಕೈಯಲ್ಲಿ ಎಷ್ಟು ಬಂದೂಕಿದ್ದರೂ ಅಷ್ಟೇ. ಹಡಗು ವೇಗವಾಗಿ ಹೋದರೆ ಏಣಿ ನಿಲ್ಲುವುದಿಲ್ಲ. 2011ರಲ್ಲಿ ಬಂದ ಹಡಗಿನವರ ಕೈಪಿಡಿಯಲ್ಲಿ, ಗಂಟೆಗೆ 18 ನಾಟಿಕಲ್ ಮೈಲಿಗಿಂತ ಜಾಸ್ತಿ ವೇಗದಲ್ಲಿ ಹೋಗುತ್ತಿದ್ದ ಯಾವ ಹಡಗಿಗೂ ಕಳ್ಳರು ಹತ್ತಿದ ವರದಿ ಇಲ್ಲ ಅಂತಲೇ ಇತ್ತು. ವೇಗವಾಗಿ ಓಡುವ ಕಂಟೇನರ್ ಹಡಗಿನವರು ಅದನ್ನು ಓದಿ ಖುಷಿಪಟ್ಟಿರಬೇಕು. ನಾನಿದ್ದದ್ದು ಆಯಿಲ್ ಟ್ಯಾಂಕರ್. ಸರಕು ತುಂಬಿದ ಮೇಲೆ ನಮ್ಮ ವೇಗ ಹನ್ನೆರಡು, ಮನಸ್ಸು ಮಾಡಿದರೆ ಹದಿಮೂರು. ಹೊಟ್ಟೆ ತುಂಬಿದ ಎಮ್ಮೆಯ ಹಾಗೆ ನೀರಿನಲ್ಲಿ ಮುಳುಗಿಕೊಂಡೇ ಹೋಗುತ್ತಿತ್ತು. ಡೆಕ್ಕು ನೀರಿಗೆ ಹತ್ತಿರ. ಕಳ್ಳರಿಗೆ ಇದಕ್ಕಿಂತ ಸಲೀಸಾದದ್ದು ಇನ್ನೇನು ಬೇಕು.

ಸೊಮಾಲಿಯಾ ಮತ್ತು ಯೆಮೆನ್ ನಡುವಿನ ಏಡನ್ ಕೊಲ್ಲಿಗೆ ಎರಡು ದಿನ ಮೊದಲೇ ತಯಾರಿ ಶುರುವಾಗುತ್ತಿತ್ತು. ಸುತ್ತ ಕಂಬಿಗೆ ಬ್ಲೇಡು ತಂತಿ ಸುತ್ತುವುದು. ಅದನ್ನು ಸುತ್ತುವಾಗ ಚರ್ಮದ ಗ್ಲೌಸು ಹರಿದು, ಸಂಜೆ ಹೊತ್ತಿಗೆ ಅರ್ಧ ಜನರ ಕೈಗೆ ಬ್ಯಾಂಡೇಜು. ಬೆಂಕಿ ಆರಿಸುವ ಪೈಪುಗಳನ್ನು ಹೊರಮುಖವಾಗಿ ಕಟ್ಟಿ ನೀರು ಚಿಮ್ಮಿಸುವುದು. ಹೊರಗಿನ ಬಾಗಿಲುಗಳಿಗೆ ಒಳಗಿನಿಂದ ಅಡ್ಡಪಟ್ಟಿ. ಇನ್ನೊಂದು ಕೆಲಸ ಇತ್ತು, ಅದು ಮಾತ್ರ ಎಲ್ಲರಿಗೂ ಇಷ್ಟ. ಹಳೆಯ ಬಾಯ್ಲರ್‌ಸೂಟ್‌ನೊಳಗೆ ಚಿಂದಿ ತುರುಕಿ, ತಲೆಗೆ ಹೆಲ್ಮೆಟ್ ಹಾಕಿ, ಡೆಕ್ಕಿನ ಮೇಲೆ ಅಲ್ಲಲ್ಲಿ ನಿಲ್ಲಿಸುವುದು. ಹೊಲದಲ್ಲಿ ನಿಲ್ಲಿಸುವ ಬೆದರುಬೊಂಬೆ ಕಣ್ರೀ, ಅದೇ. ತಮಾಷೆಯಲ್ಲ, ಕೈಪಿಡಿಯಲ್ಲೇ ಇತ್ತು. ನಮ್ಮ ಬೋಸನ್, ಅಂದರೆ ಡೆಕ್ಕಿನ ಕೆಲಸಗಾರರ ಮೇಸ್ತ್ರಿ, ಒಂದಕ್ಕೆ ಚೀಫ್ ಆಫೀಸರ್ ಹೆಸರಿಟ್ಟಿದ್ದ. ಏನೂ ಕೆಲಸ ಮಾಡದೆ ಸುಮ್ನೆ ನಿಂತಿರುತ್ತೆ ಅಂತ.

2011ರಲ್ಲಿ ಮೊದಲ ಸಲ ನಮ್ಮ ಜೊತೆ ಕಾವಲುಗಾರರು ಬಂದರು. ನಾಲ್ಕು ಜನ, ಎಲ್ಲರೂ ಸೇನೆಯಲ್ಲಿದ್ದವರು. ನಾನು ಆಗ ಸೆಕೆಂಡ್ ಆಫೀಸರ್. ಅವತ್ತು ಮಧ್ಯಾಹ್ನದ ವಾಚ್, ಅಂದರೆ ಬ್ರಿಡ್ಜ್‌ನಲ್ಲಿ ನಿಂತು ನೋಡಿಕೊಳ್ಳುವ ಪಾಳಿ, ನನ್ನದು. ಮೂರು ಗಂಟೆ ಇರಬಹುದು. ಬಲಗಡೆಯಿಂದ ಐದು ಸ್ಕಿಫ್ ನೇರ ನಮ್ಮ ಕಡೆಗೇ ಬರುತ್ತಿದ್ದವು. ಎರಡು ಮೈಲಿ ದೂರ. ಕ್ಯಾಪ್ಟನ್‌ಗೆ ಫೋನ್ ಮಾಡಿದೆ, ಅಲಾರಂ ಒತ್ತಿದೆ, ಬೈನಾಕ್ಯುಲರ್ ಹಿಡಿದೆ. ಮುಂದಿನ ದೋಣಿಯಲ್ಲಿ ಆರು ಜನ. ಒಬ್ಬನ ತೊಡೆಯ ಮೇಲೆ ಉದ್ದಕ್ಕೆ ಏನೋ ಇದೆ. "ಗನ್ ಇದೆ, ಗನ್ ಇದೆ" ಅಂತ ಕೂಗಿದೆ.

ಕಾವಲು ತಂಡದ ಮುಖ್ಯಸ್ಥ ನನ್ನ ಪಕ್ಕಕ್ಕೆ ಬಂದು ನಿಂತ. ಅವಸರವೇ ಇಲ್ಲ. "ಗನ್ ಇರಲಿ, ಏಣಿ ಕಾಣುತ್ತಾ?" ಅಂದ. ನಾನು ಏಣಿ ಹುಡುಕಿಯೇ ಇರಲಿಲ್ಲ. ಆ ಭಾಗದ ಮೀನುಗಾರರ ದೋಣಿಯಲ್ಲೂ ಬಂದೂಕು ಇರುತ್ತದೆ, ಅವರಿಗೂ ಕಳ್ಳರ ಭಯ ಇದೆಯಲ್ಲ. ಏಣಿ ಮಾತ್ರ ಮೀನುಗಾರನಿಗೆ ಬೇಡ. ಆತ ಬ್ರಿಡ್ಜ್ ಪಕ್ಕದ ತೆರೆದ ಜಾಗಕ್ಕೆ ಹೋಗಿ, ತನ್ನ ರೈಫಲ್ಲನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆ ಅಡ್ಡ ಹಿಡಿದು ನಿಂತ. ಗುರಿ ಇಡಲಿಲ್ಲ. ನಮ್ಮ ಹತ್ತಿರ ಇದೆ, ನೋಡಿಕೊಳ್ಳಿ ಅಂತ ತೋರಿಸಿದ್ದು ಅಷ್ಟೇ. ಅರ್ಧ ಮೈಲಿಗೆ ಬಂದಾಗ ಮುಂದಿನ ದೋಣಿಯಲ್ಲೊಬ್ಬ ಎದ್ದು ನಿಂತ. ಬಾಲ ಹಿಡಿದು ಒಂದು ದೊಡ್ಡ ಮೀನನ್ನು ಎತ್ತಿ ತೋರಿಸಿದ. ಇನ್ನೊಬ್ಬ ನಮ್ಮ ಮುಂದಿನ ನೀರನ್ನು ಕೈಯಲ್ಲಿ ತೋರಿಸುತ್ತಾ ಬೊಬ್ಬೆ ಹಾಕುತ್ತಿದ್ದ. ಅವರ ಬಲೆ ನಮ್ಮ ದಾರಿಯಲ್ಲಿತ್ತು. ನಮ್ಮ ಪ್ರೊಪೆಲ್ಲರ್‌ಗೆ ಸಿಕ್ಕಿ ಹರಿಯದಿರಲಿ ಅಂತ ಪಾಪ ಓಡಿ ಬಂದಿದ್ದರು. ಹತ್ತು ಡಿಗ್ರಿ ಎಡಕ್ಕೆ ತಿರುಗಿಸಿದೆವು.

ಆಗ ನನ್ನ ಕೈಯಲ್ಲಿ ಬೈನಾಕ್ಯುಲರ್ ನಿಲ್ಲುತ್ತಿರಲಿಲ್ಲ, ಹಾಗೆ ನಡುಗುತ್ತಿತ್ತು. ಬೆಳಿಗ್ಗೆಯಿಂದ ಮುಳ್ಳುತಂತಿ ಕೆಲಸ, ಹಿಂದಿನ ರಾತ್ರಿ ನಿದ್ದೆ ಇಲ್ಲ. ನನ್ನ ಕೈಯಲ್ಲಿ ರೈಫಲ್ ಇದ್ದಿದ್ದರೆ ಒಂದು ಮೈಲಿ ದೂರ ಇರುವಾಗಲೇ ಹಾರಿಸಿರುತ್ತಿದ್ದೆ. ಇದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆ ಇಲ್ಲ. ನಾನು ಕಲಿತದ್ದು ಚಾರ್ಟ್ ಓದುವುದು, ಹಡಗು ತಿರುಗಿಸುವುದು. ಮನುಷ್ಯನಿಗೆ ಗುಂಡು ಹೊಡೆಯಬೇಕಾ ಬೇಡವಾ ಅಂತ ಅರ್ಧ ನಿಮಿಷದಲ್ಲಿ ತೀರ್ಮಾನಿಸುವುದು ಬೇರೆಯದೇ ಕಸುಬು.

ಆ ಕಸುಬು ಬಲ್ಲವರೂ ತಪ್ಪುತ್ತಾರೆ. 2012ರ ಫೆಬ್ರವರಿ 15ರಂದು ಕೇರಳದ ತೀರದಿಂದ ಸುಮಾರು 20 ನಾಟಿಕಲ್ ಮೈಲಿ ದೂರದಲ್ಲಿ 'ಎನ್ರಿಕಾ ಲೆಕ್ಸಿ' ಎಂಬ ಇಟಲಿಯ ಟ್ಯಾಂಕರ್ ಹೋಗುತ್ತಿತ್ತು. ಅದರ ಮೇಲಿದ್ದ ಕಾವಲು, ಇಟಲಿಯ ನೌಕಾಪಡೆಯ ಸೈನಿಕರು. ಅವರು ಹಾರಿಸಿದ ಗುಂಡಿಗೆ 'ಸೇಂಟ್ ಆಂಟನಿ' ಎಂಬ ದೋಣಿಯಲ್ಲಿದ್ದ ಇಬ್ಬರು ಮೀನುಗಾರರು ಸತ್ತರು. ಕಳ್ಳರು ಅಂದುಕೊಂಡೆವು ಅಂದರು. ಆಮೇಲೆ ಎರಡು ದೇಶಗಳ ನಡುವೆ ವರ್ಷಗಟ್ಟಲೆ ಜಗಳ. 2020ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ, ಸೈನಿಕರನ್ನು ಭಾರತ ವಿಚಾರಣೆ ಮಾಡುವಂತಿಲ್ಲ, ಆದರೆ ಇಟಲಿ ಪರಿಹಾರ ಕೊಡಬೇಕು ಅಂತ ಹೇಳಿತು. 10 ಕೋಟಿ ರೂಪಾಯಿ ಬಂದ ಮೇಲೆ 2021ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಇಲ್ಲಿನ ಕೇಸನ್ನು ಮುಚ್ಚಿತು. ಅವರು ಸರ್ಕಾರದ ಸೈನಿಕರು, ಹಿಂದೆ ಒಂದು ದೇಶವೇ ನಿಂತಿತ್ತು. ಅದೇ ಗುಂಡನ್ನು ಒಬ್ಬ ಥರ್ಡ್ ಆಫೀಸರ್ ಹಾರಿಸಿದ್ದರೆ? ಅವನ ಹಿಂದೆ ಯಾರು ನಿಲ್ಲುತ್ತಾರೆ, ಕಂಪನಿಯಾ? ಹಡಗು ನೋಂದಣಿಯಾದ ಯಾವುದೋ ಪುಟ್ಟ ದೇಶವಾ? ನಾನಂತೂ ನಂಬುವುದಿಲ್ಲ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಕೂಲಿಗೆ ಕಾವಲುಗಾರರು ಬರುತ್ತಾರೆ ಅಂದಾಗ ನನ್ನಂಥವರು ಹೆದರಿದ್ದೆವು. ನಮ್ಮ ಕಡೆಯಿಂದ ಒಂದು ಗುಂಡು ಹಾರಿಸಿದರೆ ಕಳ್ಳರು ಹತ್ತು ಹಾರಿಸುತ್ತಾರೆ, ಸುಮ್ನೆ ಹಣ ಕೇಳುತ್ತಿದ್ದವರು ಕೊಲ್ಲಲು ಶುರುಮಾಡುತ್ತಾರೆ ಅಂತ. ಹಾಗಾಗಲಿಲ್ಲ. ಸಾಮಾನ್ಯವಾಗಿ ಬಂದೂಕು ಕಂಡರೆ ಅವರೇ ತಿರುಗಿ ಹೋಗುತ್ತಿದ್ದರು, ಬೇರೆ ಹಡಗು ಹುಡುಕಿಕೊಂಡು. ಆ ವರ್ಷಗಳಲ್ಲಿ ಬಂದೂಕುಧಾರಿ ಕಾವಲು ಇದ್ದ ಒಂದು ಹಡಗನ್ನೂ ಸೊಮಾಲಿ ಕಳ್ಳರು ಹಿಡಿದುಕೊಂಡು ಹೋಗಲಿಲ್ಲ. 'ಮರ್ಸ್ಕ್ ಅಲಬಾಮಾ' ಎಂಬ ಅಮೆರಿಕದ ಹಡಗೊಂದನ್ನೇ ನೋಡಿ. 2009ರ ಏಪ್ರಿಲ್‌ನಲ್ಲಿ ಕಾವಲು ಇರಲಿಲ್ಲ, ನಾಲ್ಕು ಜನ ಹತ್ತಿದರು. ಕೊನೆಗೆ ಕ್ಯಾಪ್ಟನ್ ರಿಚರ್ಡ್ ಫಿಲಿಪ್ಸ್‌ರನ್ನು ಲೈಫ್‌ಬೋಟಿನಲ್ಲಿ ಎಳೆದುಕೊಂಡು ಹೋದರು, ಅಮೆರಿಕದ ನೌಕಾಪಡೆ ಬಿಡಿಸಬೇಕಾಯಿತು. ಅದೇ ವರ್ಷದ ನವೆಂಬರಿನಲ್ಲಿ ಅದೇ ಹಡಗಿನ ಮೇಲೆ ಇನ್ನೊಂದು ತಂಡ ಬಂತು. ಈ ಸಲ ಕಾವಲು ಇತ್ತು, ಗುಂಡು ಹಾರಿಸಿ ಓಡಿಸಿದರು.

ಇಲ್ಲಿಗೆ ಬಂದಾಗ ಎದುರಿಗಿರುವವರು ಖುಷಿಯಿಂದ ಕೇಳುತ್ತಾರೆ, "ನೋಡಿ, ಗನ್ ಕೆಲಸ ಮಾಡಿತಲ್ವಾ?" ಮಾಡಿತು. ಫಿಲಿಪ್ಸ್ ಕೂಡ ಬಿಡುಗಡೆಯಾದ ಮೇಲೆ ಅಮೆರಿಕದ ಸೆನೆಟ್ ಸಮಿತಿಯ ಮುಂದೆ, ಸರಿಯಾದ ತರಬೇತಿ ಇದ್ದರೆ ಕೆಲವೇ ಹಿರಿಯ ಅಧಿಕಾರಿಗಳಿಗೆ ಆಯುಧ ಕೊಡಬಹುದು, ಆದರೆ ಅದೊಂದೇ ಪರಿಹಾರವಲ್ಲ ಅಂತ ಹೇಳಿದ್ದರು. ಅವರು ಅನುಭವಿಸಿದ್ದನ್ನು ನಾನು ಅನುಭವಿಸಿಲ್ಲ, ಗೌರವ ಇದೆ. ಆದರೂ ಒಪ್ಪಲಾರೆ. ಯಾಕೆಂದರೆ ಆ ಕೆಲವೇ ಹಿರಿಯರೇ ಅಲ್ಲವೇ ಬ್ರಿಡ್ಜ್‌ನಲ್ಲಿ, ಇಂಜಿನ್ ರೂಮಿನಲ್ಲಿ ಇರಬೇಕಾದವರು? ಅಷ್ಟು ದೊಡ್ಡ ಹಡಗಿಗೆ ಇರುವುದು ಇಪ್ಪತ್ತು ಇಪ್ಪತ್ತೈದು ಜನ. ಕಳ್ಳರು ಬರುವ ಆ ಹದಿನೈದು ನಿಮಿಷದಲ್ಲಿ ಒಬ್ಬ ಸ್ಟಿಯರಿಂಗ್ ಹಿಡಿದಿರಬೇಕು, ಒಬ್ಬ ರೇಡಿಯೋದಲ್ಲಿರಬೇಕು, ಒಬ್ಬ ಜನ ಎಣಿಸಬೇಕು. ರೈಫಲ್ ಹಿಡಿಯಲು ಬಿಡುವಾಗಿರುವವರು ಅಂದರೆ ಅಡುಗೆಯವನು ಮತ್ತು ಕೆಲಸ ಕಲಿಯಲು ಬಂದ ಕೆಡೆಟ್.

ಕಂಪನಿಗಳ ಬುದ್ಧಿ ಬೇರೆ ನನಗೆ ಗೊತ್ತು. ಹಡಗಿನವರಿಗೆ ಒಮ್ಮೆ ಬಂದೂಕು ಕೊಟ್ಟರೆ, ಮುಂದಿನ ವರ್ಷ ಕಾವಲುಗಾರರು ಯಾಕೆ, ದುಡ್ಡು ದಂಡ ಅನ್ನುತ್ತಾರೆ. ಆಗ ಕಾವಲು ಕೂಡ ಸೆಕೆಂಡ್ ಆಫೀಸರ್‌ನ ಕೆಲಸಗಳ ಪಟ್ಟಿಗೆ ಸೇರುತ್ತದೆ, ಔಷಧಿ ಕಪಾಟಿನ ಲೆಕ್ಕದ ಕೆಳಗೆ. ದಿನಕ್ಕೆ ಹತ್ತು ಗಂಟೆ ವಿಶ್ರಾಂತಿ ಕೊಡಬೇಕು ಅಂತ ಅಂತರರಾಷ್ಟ್ರೀಯ ನಿಯಮ ಇದೆ. ಬಂದರಿನಲ್ಲಿ ಅದು ಹೇಗೆ ಪಾಲನೆಯಾಗುತ್ತದೆ ಅನ್ನುವುದನ್ನು ಹಡಗಿನಲ್ಲಿದ್ದವರನ್ನು ಕೇಳಿ, ನಗುತ್ತಾರೆ.

ಇನ್ನೂ ಸಣ್ಣಪುಟ್ಟ ತೊಡಕುಗಳಿವೆ. ಹಡಗು ತಿಂಗಳಿಗೆ ನಾಲ್ಕು ದೇಶದ ಬಂದರು ಮುಟ್ಟುತ್ತದೆ. ಪ್ರತಿ ದೇಶಕ್ಕೂ ಬಂದೂಕಿನ ಕಾನೂನು ಬೇರೆ. ಕಾವಲು ಕಂಪನಿಗಳೇ ಇದರಿಂದ ಸುಸ್ತಾಗಿ, ಆಯುಧಗಳನ್ನು ಕಡಲ ಮಧ್ಯೆ ನಿಲ್ಲಿಸಿದ ಬೇರೆ ಹಡಗುಗಳಲ್ಲಿ ಇಟ್ಟು ಹೋಗುವ ಪದ್ಧತಿ ಮಾಡಿಕೊಂಡವು. ತೇಲುವ ಗೋದಾಮು ಅನ್ನಿ. ನೈಜೀರಿಯಾದ ನೀರಿನಲ್ಲಂತೂ ಹೊರಗಿನ ಖಾಸಗಿ ಬಂದೂಕುಧಾರಿಗಳಿಗೆ ಅವಕಾಶವೇ ಇಲ್ಲ, ಅಲ್ಲಿನ ನೌಕಾಪಡೆಯವರ ಕಾವಲನ್ನೇ ಪಡೆಯಬೇಕು. ಮತ್ತೆ, ಆರೇಳು ತಿಂಗಳು ಅದೇ ಇಪ್ಪತ್ತು ಮುಖ ನೋಡಿಕೊಂಡು ಇರುವ ಜಾಗ ಅದು. ಮನೆಯಿಂದ ಕೆಟ್ಟ ಸುದ್ದಿ ಬಂದವನು, ಒಬ್ಬರಿಗೊಬ್ಬರು ಮಾತು ಬಿಟ್ಟವರು ಎಲ್ಲರೂ ಅಲ್ಲೇ. ಪಕ್ಕದ ಕಪಾಟಿನಲ್ಲಿ ಬಂದೂಕು ಇರುವುದು ನನಗೆ ಬೇಡ. ನಮ್ಮ ಟ್ಯಾಂಕರಿನ ಡೆಕ್ಕಿಗೆ ಮೊಬೈಲ್ ಫೋನ್ ತರಲೂ ಬಿಡುತ್ತಿರಲಿಲ್ಲ, ಕಿಡಿ ಹಾರೀತು ಅಂತ. ಅಲ್ಲಿ ನಿಂತು ಗುಂಡು ಹಾರಿಸುವುದನ್ನು ಯೋಚಿಸಿ.

"ಹಾಗಾದ್ರೆ ಕಾವಲು ಇಲ್ಲದಾಗ ಸುಮ್ನೆ ಕೈ ಎತ್ತಬೇಕಾ?" ಇದು ಕೊನೆಯ ಪ್ರಶ್ನೆ. ಅಲ್ಲ. ಅಡಗಿಕೊಳ್ಳಬೇಕು. ಹೇಡಿತನ ಅನ್ನಿಸುತ್ತೆ ಕೇಳಲು. ಆದರೆ ಕಳ್ಳನಿಗೆ ಬೇಕಾಗಿರುವುದು ನೀವು. ನಿಮ್ಮನ್ನು ಮುಂದಿಟ್ಟುಕೊಂಡೇ ಅವನು ಹಣ ಕೇಳುವುದು. 2010ರ ಮಾರ್ಚಿನಲ್ಲಿ ಸಿಕ್ಕಿಬಿದ್ದ 'ಐಸ್‌ಬರ್ಗ್ 1' ಹಡಗಿನವರು, ಅವರಲ್ಲಿ ಭಾರತೀಯರೂ ಇದ್ದರು, ಬಿಡುಗಡೆಯಾದದ್ದು 2012ರ ಡಿಸೆಂಬರಿನಲ್ಲಿ. ನೀವು ಕೈಗೆ ಸಿಗದಿದ್ದರೆ, ಹಡಗಿನ ಇಂಜಿನ್ ನಿಂತಿದ್ದರೆ, ಅವನ ಕೈಯಲ್ಲಿರುವುದು ಓಡಿಸಲಾಗದ ಕಬ್ಬಿಣ.

ಅದಕ್ಕೆ ಹಡಗಿನ ಒಳಗೆ ಸಿಟಡೆಲ್ ಅಂತ ಒಂದು ಗಟ್ಟಿ ಕೋಣೆ. ಹೆಚ್ಚಾಗಿ ಇಂಜಿನ್ ರೂಮಿನ ಕಡೆ. 2024ರ ಜನವರಿಯಲ್ಲಿ ಸೊಮಾಲಿಯಾದ ಪೂರ್ವಕ್ಕೆ 'ಲೀಲಾ ನಾರ್ಫೋಕ್' ಹಡಗಿಗೆ ಕಳ್ಳರು ಹತ್ತಿದಾಗ 21 ಜನ ಅಂಥ ಕೋಣೆಗೆ ಸೇರಿಕೊಂಡರು. ಅವರಲ್ಲಿ 15 ಜನ ಭಾರತೀಯರು. ನಮ್ಮ ಯುದ್ಧನೌಕೆ 'ಐಎನ್ಎಸ್ ಚೆನ್ನೈ'ನಿಂದ ನೌಕಾಪಡೆಯ ಮಾರ್ಕೋಸ್ ಕಮಾಂಡೋಗಳು ಹತ್ತಿ ಹುಡುಕಿದಾಗ ಕಳ್ಳರು ಆಗಲೇ ಜಾಗ ಖಾಲಿ ಮಾಡಿದ್ದರು. ಒಬ್ಬನಿಗೂ ಏನೂ ಆಗಲಿಲ್ಲ.

ಆದರೆ ಆ ಕೋಣೆಗೂ ಷರತ್ತುಗಳಿವೆ. ನೌಕಾಪಡೆ ನುಗ್ಗಬೇಕಾದರೆ ಹಡಗಿನ ಪ್ರತಿಯೊಬ್ಬನೂ ಒಳಗಿರಬೇಕು, ಒಬ್ಬ ಹೊರಗಿದ್ದರೂ ಅವನು ಒತ್ತೆಯಾಳು. ಇಂಜಿನ್ ಕಳ್ಳರ ಕೈಗೆ ಸಿಗಬಾರದು. ಒಳಗಿನಿಂದ ಹೊರಗೆ ಮಾತಾಡಲು ಬೇರೆಯದೇ ಸ್ಯಾಟಲೈಟ್ ಫೋನ್ ಬೇಕು. ನಾನಿದ್ದ ಒಂದು ಹಡಗಿನಲ್ಲಿ ಫೋನೇನೋ ಇತ್ತು, ಹೊಸದು, ಡಬ್ಬಿಯಲ್ಲೇ. ಅಭ್ಯಾಸದ ದಿನ ಎಲ್ಲರೂ ಒಳಗೆ ಹೋಗಿ ಬಾಗಿಲು ಹಾಕಿ ಫೋನ್ ಒತ್ತಿದರೆ ಸಿಗ್ನಲ್ ಇಲ್ಲ. ಆಂಟೆನಾವನ್ನು ಹೊರಗೆ ಕೂರಿಸುವುದನ್ನೇ ಯಾರೋ ಮರೆತಿದ್ದರು. ಎಲೆಕ್ಟ್ರಿಷಿಯನ್ ಅವತ್ತು ಮಧ್ಯರಾತ್ರಿವರೆಗೆ ಕೂತು ಕೇಬಲ್ ಎಳೆದ. ಈಗ ಹಡಗು ಸೇರುವ ಹುಡುಗರು ನನ್ನ ಹತ್ತಿರ ಬಂದು ಗನ್ ವಿಷಯ ಕೇಳಿದರೆ, ಮೊದಲ ದಿನವೇ ಆ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಮನೆಗೆ ಒಂದು ಕಾಲ್ ಮಾಡಿ ನೋಡು ಅನ್ನುತ್ತೇನೆ.