ಬಿಳಿ ಚುಕ್ಕೆಗಳನ್ನು ಓದುವ ಬಗೆ

ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ನರತಂತುಗಳನ್ನು ಸುತ್ತಿರುವ ಮಯೆಲಿನ್ ಹೊದಿಕೆಯನ್ನು ಹಾಳುಗೆಡವುತ್ತದೆ. ಆ ಗಾಯಗಳು ಎಂಆರ್‌ಐ ಚಿತ್ರದಲ್ಲಿ, ಅದರಲ್ಲೂ ಫ್ಲೇರ್ ಎಂಬ ವಿಧಾನದಲ್ಲಿ, ಬಿಳಿ ಚುಕ್ಕೆಗಳಾಗಿ ತೋರುತ್ತವೆ. ಚುಕ್ಕೆ ಕಂಡ ಮಾತ್ರಕ್ಕೆ ಈ ಕಾಯಿಲೆಯೇ ಎಂದಲ್ಲ: ಮೈಗ್ರೇನ್, ಅಧಿಕ ರಕ್ತದೊತ್ತಡ, ಬರೀ ವಯಸ್ಸು ಕೂಡ ಅಂಥ ಗುರುತುಗಳನ್ನು ಬಿಡಬಲ್ಲವು. ಆದ್ದರಿಂದ ಎಣಿಕೆಯಷ್ಟೇ ನೆಲೆಯೂ ಮುಖ್ಯ. ಮಿದುಳಿನ ದ್ರವಕುಹರಗಳ ಅಂಚಿನಲ್ಲಿ, ಕಿರು ಅಭಿಧಮನಿಗಳ ಗುಂಟ, ಬೆರಳುಗಳಂತೆ ಲಂಬವಾಗಿ ಚಾಚಿದ ಗಾಯಗಳು ಈ ಕಾಯಿಲೆಯ ಕಡೆಗೆ ಬಲವಾಗಿ ಬೊಟ್ಟು ಮಾಡುತ್ತವೆ.

ನನಗೆ ಬಹಳ ಸೊಗಸೆನಿಸುವುದು ಕಾಲವನ್ನು ಅಳೆಯುವ ಉಪಾಯ. ರಕ್ತನಾಳಕ್ಕೆ ಚುಚ್ಚಿದ ಗ್ಯಾಡೋಲಿನಿಯಂ ದ್ರಾವಣವು, ರಕ್ತ ಮತ್ತು ಮಿದುಳಿನ ನಡುವಿನ ತಡೆ ಸಡಿಲಗೊಂಡ ಕಡೆ ಸೋರುವುದರಿಂದ, ಹೊಸ ಉರಿಯೂತದ ಗಾಯ ಕೆಲವು ವಾರಗಳ ಕಾಲ ಹೊಳೆಯುತ್ತದೆ, ಹಳೆಯದು ಹೊಳೆಯುವುದಿಲ್ಲ. ಈ ಕಾಯಿಲೆಯನ್ನು ಗುರುತಿಸಲು ವೈದ್ಯರು ಬಳಸುವ, 2010ರಲ್ಲಿ ಪರಿಷ್ಕೃತವಾದ ಮೆಕ್‌ಡೊನಾಲ್ಡ್ ಮಾನದಂಡಗಳು, ಒಂದೇ ಸ್ಕ್ಯಾನ್‌ನಲ್ಲಿ ಎರಡೂ ಬಗೆ ಕಂಡರೆ ರೋಗವು ಬೇರೆ ಬೇರೆ ಸಮಯಗಳಲ್ಲಿ ಎರಗಿದೆ ಎಂಬುದಕ್ಕೆ ಅದನ್ನೇ ಸಾಕ್ಷಿಯೆಂದು ಒಪ್ಪಿದವು.

ಇಷ್ಟಾದರೂ ಚಿತ್ರಕ್ಕೂ ನರಳಿಕೆಗೂ ಲೆಕ್ಕ ತಾಳೆಯಾಗುವುದಿಲ್ಲ. ಬೆನ್ನುಹುರಿಯ ಒಂದು ಪುಟ್ಟ ಗಾಯ ನಡಿಗೆಯನ್ನೇ ಕೆಡಿಸಬಹುದು. ಮಿದುಳಿನ ಹತ್ತಾರು ಚುಕ್ಕೆಗಳು ಸದ್ದಿಲ್ಲದೆ ಇರಬಹುದು. ವರದಿಯಲ್ಲಿ ಮೊದಲು ಸಂಖ್ಯೆಯನ್ನೇ ಹುಡುಕುವ ಅಭ್ಯಾಸ ನನಗೂ ಇತ್ತು. ಈಗ ಹಿಂದಿನ ಸ್ಕ್ಯಾನ್‌ಗೂ ಇದಕ್ಕೂ ಏನು ಬದಲಾಗಿದೆ ಎಂಬ ಸಾಲನ್ನು ಹುಡುಕುತ್ತೇನೆ.